ಸೋತ ಕಂಬಳದ ಕೋಣಗಳನ್ನು ಮತ್ತೆ ಕರೆಗೆ (ಓಟದ ಕೆಸರುಗದ್ದೆಗೆ) ಇಳಿಸುವ ಬಗೆ

ಎರಡು ಮೂರು ಕಂಬಳಗಳಲ್ಲಿ ಮೊದಲ ಸುತ್ತಿಗೇ ಸೋತು ಬಂದ ಜೋಡಿಯನ್ನು ಮಾರಿಬಿಡಿ ಎಂದು ಬುದ್ಧಿ ಹೇಳುವವರು ಮೂಡುಬಿದಿರೆಯಿಂದ ಬಾರ್ಕೂರಿನವರೆಗೆ ಎಲ್ಲ ಊರುಗಳಲ್ಲೂ ಇದ್ದಾರೆ. ಮಾರುವ ಮುನ್ನ ಅವುಗಳಿಗೆ ಒಂದು ಮಳೆಗಾಲದ ಅವಕಾಶವನ್ನಾದರೂ ಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಸೋಲಿನ ಕಾರಣವನ್ನು ಕಂಡುಕೊಳ್ಳಿ. ಅನೇಕ ಸಲ ಕೋಣಗಳಲ್ಲಿ ವೇಗದ ಕೊರತೆ ಇರುವುದಿಲ್ಲ. ಒಂದು ಮುಂದಕ್ಕೆ ಎಳೆದು ಇನ್ನೊಂದು ಹಿಂದುಳಿದಾಗ ನೊಗ ಓರೆಯಾಗಿ, ಇಬ್ಬರ ಬಲವೂ ವ್ಯರ್ಥವಾಗುತ್ತದೆ. ನಮ್ಮ ಹಟ್ಟಿಯ ಎಡಬದಿಯ ಕೋಣ ಓಡುವಾಗಲೆಲ್ಲ ಕರೆಯ ಅಂಚಿಗೆ ಸರಿಯುತ್ತಿತ್ತು. ಅದನ್ನು ಬಲಕ್ಕೆ ಕಟ್ಟಿ ಕೆಲವು ವಾರ ಬರಿಯ ನಡಿಗೆ ಮಾಡಿಸಿದ ಮೇಲೆ ಎರಡರ ಹೆಜ್ಜೆಯೂ ಕೂಡಿಕೊಂಡಿತು.

ಆರೈಕೆಯಲ್ಲಿ ಆತುರ ಸಲ್ಲದು. ರಾತ್ರಿ ನೆನೆಸಿದ ಹುರುಳಿಯನ್ನು ಬೆಳಿಗ್ಗೆ ಮೆತ್ತಗೆ ಬೇಯಿಸಿ, ಬೈಹುಲ್ಲಿನ ಜೊತೆಗೆ ಕೊಡಿ. ಪ್ರಮಾಣವನ್ನು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿ. ಕೋಣಗಳಿಗೆ ಬೆವರಿನ ಗ್ರಂಥಿಗಳು ದನಗಳಿಗಿಂತ ಬಹಳ ಕಡಿಮೆ, ಮೈಯೂ ಕಪ್ಪು. ಆದ್ದರಿಂದ ಬಿಸಿಲೇರಿದ ಮೇಲೆ ಓಡಿಸದೆ, ಕೆರೆಯಲ್ಲಿ ಈಜಿಸುವುದು ಒಳ್ಳೆಯದು. ಈಜು ಮೈ ತಂಪು ಮಾಡುವುದರ ಜೊತೆಗೆ, ಗೊರಸಿಗೆ ಭಾರ ಬೀಳದಂತೆ ಉಸಿರಿನ ಬಲವನ್ನೂ ಬೆಳೆಸುತ್ತದೆ. ಆಮೇಲೆ ತೆಂಗಿನೆಣ್ಣೆ ಹಚ್ಚಿ ತಿಕ್ಕುವಾಗ ಅಂಗೈಯೇ ನಿಮ್ಮ ಕಣ್ಣಾಗಬೇಕು: ನೊಗ ಕೂರುವ ಹೆಗಲಿನಲ್ಲಿ ಬಿಸಿಯಾದ ಗಂಟು ಸಿಕ್ಕರೆ, ಗೊರಸಿನ ಸಂದಿಯಲ್ಲಿ ಸಣ್ಣ ಹರಳು ಸಿಕ್ಕಿಕೊಂಡಿದ್ದರೆ, ಅಂದು ಓಟ ಬೇಡ.

ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ಕೊಯ್ಲಾದ ಗದ್ದೆಯಲ್ಲಿ ನೀರು ಕಟ್ಟಿ, ಮೊದಲು ಅರ್ಧ ದೂರವನ್ನಷ್ಟೇ ಓಡಿಸಿ. ಓಟಗಾರನನ್ನು ಪದೇ ಪದೇ ಬದಲಿಸಬೇಡಿ. ಅವನ ಕೂಗು ಕೋಣಗಳಿಗೆ ಪರಿಚಿತವಾಗಬೇಕು. ಓಟ ಶುರುವಾಗುವ ಜಾಗವಾದ ಗಂತಿನಲ್ಲಿ ಅಲುಗಾಡದೆ ನಿಲ್ಲುವುದನ್ನೂ ಕಲಿಸಬೇಕು, ಏಕೆಂದರೆ ಅಲ್ಲಿ ತಡಬಡಿಸಿದ ಜೋಡಿ ಓಟದಲ್ಲಿ ಚೇತರಿಸಿಕೊಳ್ಳುವುದು ಕಷ್ಟ. ಬೆತ್ತದ ಹೊಡೆತದಿಂದ ವೇಗ ತರಿಸುವ ಯೋಚನೆಯನ್ನು ಬಿಟ್ಟುಬಿಡಿ. ಪ್ರಾಣಿಹಿಂಸೆಯ ಕಾರಣಕ್ಕೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ 2014ರಲ್ಲಿ ಕಂಬಳ ನಿಂತುಹೋದಾಗ ನಾವೆಲ್ಲ ಪಟ್ಟ ಸಂಕಟವನ್ನು ಮರೆಯಲಾಗದು. ಕಂಬಳಕ್ಕೆ ಮತ್ತೆ ಅವಕಾಶ ಕೊಟ್ಟ ರಾಜ್ಯದ 2017ರ ಕಾನೂನು ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿದ ಮೇಲೆ, ಕೋಣಗಳಿಗೆ ಅನಗತ್ಯ ನೋವಾಗದಂತೆ ನೋಡಿಕೊಳ್ಳುವ ಹೊಣೆ ನಮ್ಮ ಮೇಲಿದೆ.

ಮರಳಿ ಇಳಿಸುವ ಮೊದಲ ಕಂಬಳಕ್ಕೆ ಹಿರಿಯ ಕೋಣಗಳ ವಿಭಾಗವಾದ ಹಗ್ಗ ಹಿರಿಯದ ಆಸೆ ಬೇಡ. ವಯಸ್ಸು ಹೇಳುವ ಹಲ್ಲಿಗೆ ತಕ್ಕಂತೆ, ಕಿರಿಯ ಕೋಣಗಳ ವಿಭಾಗವಾದ ನೇಗಿಲು ಕಿರಿಯದಲ್ಲಿ ಇಳಿಸಿ. ದಿನವೂ ಹುರುಳಿ ಬೇಯಿಸಿ ಹಾಕಿದವರನ್ನು ಓಟ ಮುಗಿಯುವ ಮಂಜೊಟ್ಟಿಯಲ್ಲಿ ನಿಲ್ಲಿಸಿ. ಓಡಿ ಬಂದ ಕೋಣಗಳು ಪರಿಚಿತ ದನಿ ಕೇಳಿ ಬೇಗ ಶಾಂತವಾಗುತ್ತವೆ; ಮೂಗುದಾರ ಹಿಡಿಯಲು ಅವರೇ ಸರಿ.