ಬಚ್ಚಲಿಗೆ ಬಂದ ಕುರುಡು ಹಾವನ್ನು ಗುರುತಿಸಿ ಮಣ್ಣಿಗೆ ಬಿಡುವ ಬಗೆ

ಕಾಸರಗೋಡಿನ ಅಡಿಕೆ ತೋಟಗಳ ನಡುವಿನ ಮನೆಗಳಲ್ಲಿ, ಆಟಿ ತಿಂಗಳ ಮಳೆ ಬಿಡದೆ ಸುರಿದು ಮಣ್ಣಿನೊಳಗೆ ನೀರು ತುಂಬಿಕೊಂಡಾಗ, ಬಚ್ಚಲಿನ ಮೂಲೆಯಲ್ಲೋ ಹೂಕುಂಡದ ಅಡಿಯಲ್ಲೋ ಎರೆಹುಳದಂತಹ ಕಪ್ಪು ಜೀವಿಯೊಂದು ಹೊಳೆಯುತ್ತ ಹರಿದಾಡುವುದುಂಟು. ಇದೇ ಕುರುಡು ಹಾವು, ಮಲಯಾಳದಲ್ಲಿ ಕುರುಡಿ. ಇದಕ್ಕೆ ವಿಷವಿಲ್ಲ, ಮನುಷ್ಯರನ್ನು ಕಚ್ಚಲು ಬಾಯಿಯೂ ಸಾಲದು. ಹೆದರಿ ಇದರ ಮೇಲೆ ಕುದಿನೀರು ಸುರಿಯುವ ಅಗತ್ಯವಂತೂ ಖಂಡಿತ ಇಲ್ಲ.

ಮುಟ್ಟುವ ಮೊದಲು ಟಾರ್ಚಿನ ಬೆಳಕಿನಲ್ಲಿ ಸರಿಯಾಗಿ ನೋಡಿಕೊಳ್ಳಬೇಕು. ಎರೆಹುಳದ ಮೈತುಂಬ ಉಂಗುರಗಳಿದ್ದು, ಅದು ಹಿಗ್ಗಿ ಕುಗ್ಗಿ ಸಾಗುತ್ತದೆ. ಕುರುಡು ಹಾವಿನ ಮೈ ನುಣುಪಾದ ಹುರುಪೆಗಳಿಂದ ಮುಚ್ಚಿದ್ದು, ಅದು ಚುರುಕಾಗಿ ಬಳುಕುತ್ತ, ಆಗಾಗ ನೂಲಿನಂತಹ ನಾಲಗೆಯನ್ನು ಹೊರಚಾಚುತ್ತದೆ. ಉದ್ದ ಒಂದು ಗೇಣಿಗೂ ಕಡಿಮೆ. ಬೇರೆ ಹಾವುಗಳ ಹೊಟ್ಟೆಯಡಿ ಅಗಲವಾದ ಪಟ್ಟಿಗಳಿದ್ದರೆ ಇದರ ಹೊಟ್ಟೆಯ ಹುರುಪೆಗಳೂ ಬೆನ್ನಿನವುಗಳಷ್ಟೇ ಸಣ್ಣವು. ಕಣ್ಣುಗಳು ಹುರುಪೆಯಡಿಯ ಎರಡು ಚುಕ್ಕೆಗಳು ಮಾತ್ರ. ಬೆಳಕು ಕತ್ತಲೆಗಳ ಭೇದವನ್ನಷ್ಟೇ ಅವು ಅರಿಯಬಲ್ಲವು. ಮೈಮೇಲೆ ಬಿಳಿ ಪಟ್ಟೆ ಕಂಡರೆ ಅದು ಕಟ್ಟು ಹಾವಿನ ಮರಿಯಾಗಿರಬಹುದು. ಸಂಶಯವಿದ್ದರೆ ದೂರವೇ ಉಳಿದು, ಹಾವು ಹಿಡಿಯಬಲ್ಲವರನ್ನು ಕರೆಯಿರಿ.

ತಲೆ ಯಾವುದು, ಬಾಲ ಯಾವುದು ಎಂದು ತಿಳಿಯದಷ್ಟು ಎರಡೂ ತುದಿಗಳು ಒಂದೇ ತೆರ. ಬಾಲದ ತುದಿಯಲ್ಲಿ ಪುಟ್ಟ ಮುಳ್ಳೊಂದಿದೆ. ಮಣ್ಣಿನಲ್ಲಿ ಅದನ್ನು ಊರಿ ಮುಂದೆ ಸರಿಯುವುದಕ್ಕೆ ಹಾವು ಬಳಸುತ್ತದೆ. ಕೈಯಲ್ಲಿ ಹಿಡಿದಾಗಲೂ ಒತ್ತುತ್ತದೆ. ಬಾಲದಿಂದ ಕುಟುಕುತ್ತದೆ ಎಂಬ ಮಾತು ಹುಟ್ಟಿದ್ದು ಬಹುಶಃ ಇದರಿಂದಲೇ, ಆದರೆ ಆ ಮುಳ್ಳಿನಲ್ಲಿ ವಿಷವೇನೂ ಇಲ್ಲ.

ಎತ್ತಲು ಅಡಿಕೆ ಹಾಳೆಯ ತುಂಡಿಗಿಂತ ಒಳ್ಳೆಯ ಸಾಧನವಿಲ್ಲ. ಹಾಳೆಯನ್ನು ನೆಲಕ್ಕೆ ತಾಗಿಸಿ, ಕಡ್ಡಿಯಿಂದ ಮೆಲ್ಲನೆ ಅದರ ಮೇಲೆ ಸರಿಸಿಕೊಳ್ಳಿ. ಚಿಮುಟದಲ್ಲಿ ಹಿಡಿದರೆ ಆ ಸಪೂರ ಮೈಗೆ ಗಾಯವಾಗುತ್ತದೆ. ಬಿಸಿಲಿನ ಸಿಮೆಂಟು ಅಂಗಳದಲ್ಲಿ ಬಿಡದೆ, ತರಗೆಲೆಯ ಕೆಳಗಿನ ತೇವದ ಸಡಿಲ ಮಣ್ಣಿಗೆ ಬಿಡಿ. ಇರುವೆ ಮತ್ತು ಗೆದ್ದಲುಗಳ ಮೊಟ್ಟೆ, ಮರಿಹುಳಗಳೇ ಇದರ ಮುಖ್ಯ ಆಹಾರವಾದ್ದರಿಂದ ಗೆದ್ದಲು ಹಿಡಿದ ಮರದ ಬುಡದ ಹತ್ತಿರ ಬಿಟ್ಟರೆ ಇನ್ನೂ ಉತ್ತಮ.

ಹೂಕುಂಡದ ಮಣ್ಣು ಬದಲಿಸುವಾಗ ಅಕ್ಕಿಕಾಳಿನಂತಹ ಉದ್ದನೆಯ ಬಿಳಿ ಮೊಟ್ಟೆಗಳು ಸಿಕ್ಕರೆ ಆ ಮಣ್ಣಿನೊಡನೆಯೇ ನೆರಳಿಗೆ ಸರಿಸಿ. ಈ ಜಾತಿಯಲ್ಲಿ ಈವರೆಗೆ ಕಂಡವೆಲ್ಲವೂ ಹೆಣ್ಣುಗಳೇ. ಗಂಡಿನ ಹಂಗಿಲ್ಲದೆ ಸಂತಾನ ಬೆಳೆಯುವುದರಿಂದ, ಗಿಡದ ಬೇರಿನ ಮಣ್ಣಿನಲ್ಲಿ ಒಂದೇ ಒಂದು ಹಾವು ಸಾಗಿದರೂ ಸಾಕು. ಹೀಗೆಯೇ ಇದು ಅಮೆರಿಕ, ಆಸ್ಟ್ರೇಲಿಯಗಳವರೆಗೂ ತಲುಪಿದೆ. ನರ್ಸರಿಯಿಂದ ತಂದ ಸಸಿಯ ಜೊತೆ ನಿಮ್ಮ ಮನೆಗೂ ಹಾಗೆಯೇ ಬಂದಿರಬಹುದು. ಬಚ್ಚಲಿಗೆ ಮತ್ತೆ ಬಾರದಿರಲು ನೀರು ಹೋಗುವ ಕೊಳವೆಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಗೋಡೆಯ ಬುಡದ ಬಿರುಕುಗಳನ್ನು ಮಳೆಗೆ ಮೊದಲೇ ಮುಚ್ಚಿರಿ.