ಬಳ್ಳಾರಿ ಬಿಸಿಲಲ್ಲಿ ಬೆಣ್ಣೆ ಕ್ರೊಸಾಂಟ್: ನನ್ನ ಅನುಭವ

ಬಳ್ಳಾರಿಯಂಥ ಊರಲ್ಲಿ, ಅದೂ ಏಪ್ರಿಲ್-ಮೇ ತಿಂಗಳಲ್ಲಿ, ಅಪ್ಪಟ ಬೆಣ್ಣೆ ಹಾಕಿ ಕ್ರೊಸಾಂಟ್ (ಪದರ ಪದರ ಇರೋ ಫ್ರೆಂಚ್ ಬನ್ನು) ಮಾಡೋಕೆ ಆಗ್ತದಾ ಅಂತ ಕೇಳೋರು ಬಹಳ ಜನ, ಅದಕ್ಕೇ ಇದನ್ನ ಕೂತು ಬರೀತಿದೀನಿ. ಆಗ್ತದೆ. ನಾನು ಮಾಡ್ತಾ ಇದೀನಿ, ದಿನಾ ಮಾರ್ತಾ ಇದೀನಿ. ನಮ್ಮದು ಅಪ್ಪನ ಕಾಲದ ಬೇಕರಿ, ಖಾರಾ ಬನ್ನು, ದಿಲ್‌ಪಸಂದು, ರಸ್ಕು, ಎಗ್ ಪಫ್ಫು, ಇವೇ ನಮಗೆ ಅನ್ನ ಹಾಕಿದ್ದು, ಈಗಲೂ ಹಾಕ್ತಾ ಇರೋದು. ಅದರ ಪಕ್ಕದಲ್ಲೇ ಒಂದು ಸಣ್ಣ ಗ್ಲಾಸ್ ಕಪಾಟು ಇಟ್ಟು ಫ್ರೆಂಚ್ ಐಟಮ್ ಶುರು ಮಾಡಿದ್ದು ನಾನು.

ಆದ್ರೆ ಮಾಡೋ ವಿಷಯಕ್ಕಿಂತ ಮುಂಚೆ ತಿನ್ನೋ ವಿಷಯ ಹೇಳ್ಬೇಕು. ವಿಡಿಯೋ ನೋಡಿ ಕೈಗೆ ಕೆಲಸ ಬರಬಹುದು, ನಾಲಿಗೆಗೆ ರುಚಿ ಗೊತ್ತಾಗಲ್ಲ. ಸರಿಯಾದ ಕ್ರೊಸಾಂಟ್ ಬಾಯಲ್ಲಿ ಹೆಂಗಿರ್ಬೇಕು ಅಂತ ಗೊತ್ತಿಲ್ದೆ ಇದ್ರೆ ನಾವು ಮಾಡಿದ್ದು ಸರಿ ಐತೋ ಇಲ್ವೋ ಹೇಳೋರು ಯಾರು? ನಮ್ಮೂರಿಂದ ಅದಕ್ಕೆ ದಾರಿ ಎರಡು, ಒಂದು ಬೆಂಗಳೂರು, ಇನ್ನೊಂದು ಪುದುಚೇರಿ. ನನ್ನ ಕೇಳಿದ್ರೆ ಪುದುಚೇರಿನೇ. ಬಳ್ಳಾರಿಯಿಂದ ರಾತ್ರಿ ಬಸ್ಸಿಗೆ ಬೆಂಗಳೂರು, ಅಲ್ಲಿಂದ ತಿರುವಣ್ಣಾಮಲೈ ಮೇಲೆ ಹೋಗೋ ಬಸ್ಸು. ಪುದುಚೇರಿ ಫ್ರೆಂಚರ ಕೈಯಿಂದ ನಮ್ಮ ದೇಶಕ್ಕೆ ಬಂದದ್ದು 1954ರ ನವೆಂಬರ್ 1ಕ್ಕೆ, ಕಾಗದದ ಮೇಲೆ ಪೂರ್ತಿ ಬಂದದ್ದು 1962ರಲ್ಲಿ. ಅಲ್ಲಿ ಫ್ರೆಂಚ್ ಅಡಿಗೆ ಅನ್ನೋದು ಹೊಸದಾಗಿ ಬಂದ ಫ್ಯಾಷನ್ ಅಲ್ಲ, ಬೆಳಿಗ್ಗೆ ಬ್ರೆಡ್ ತಗೊಂಡು ಹೋಗೋ ಜನ ಇನ್ನೂ ಅದಾರೆ.

ಬುಸ್ಸಿ ಸ್ಟ್ರೀಟ್‌ನಲ್ಲಿರೋ ಬೇಕರ್ ಸ್ಟ್ರೀಟ್ ಅಂಗಡಿ, ಆ ಕಡೆ ಕುಯಿಲಾಪಾಳ್ಯಂನಲ್ಲಿ ಆರೋವಿಲ್ ಬೇಕರಿ, ಇಂಥ ಕಡೆ ಹೋದ್ರೆ ಬೆಳಿಗ್ಗೆನೇ ಹೋಗ್ಬೇಕು. ಸಾಯಂಕಾಲ ಹೋಗಿ ಕ್ರೊಸಾಂಟ್ ತಿಂದು ಚೆನ್ನಾಗಿಲ್ಲ ಅಂದ್ರೆ ಅದು ಅಂಗಡಿ ತಪ್ಪಲ್ಲ, ಅದು ಮುಂಜಾನೆ ತಿನ್ನೋ ಪದಾರ್ಥ, ಮಧ್ಯಾಹ್ನಕ್ಕೇ ಮೆತ್ತಗಾಗ್ತದೆ. ನಾನು ತಿನ್ನೋ ಪದ್ಧತಿ ಹೇಳ್ತೀನಿ ನೋಡ್ರಿ. ಮೊದಲು ಕೈಯಲ್ಲಿ ಎತ್ತಿ ನೋಡೋದು, ಕಣ್ಣಿಗೆ ದಪ್ಪ ಕಂಡ್ರೂ ಹಗುರ ಇರ್ಬೇಕು. ಆಮೇಲೆ ತಿರುಗಿಸಿ ತಳ ನೋಡೋದು, ತಳದಲ್ಲೂ ಕಂದು ಬಣ್ಣ ಬಂದಿರ್ಬೇಕು, ಬಿಳಿಚಿಕೊಂಡಿದ್ರೆ ಒಳಗೆ ಹಸಿ. ನಡುವೆ ಕೊಯ್ದು ಒಳಗೆ ನೋಡೋದು, ದೊಡ್ಡ ದೊಡ್ಡ ತೂತು, ಗೋಡೆ ತೆಳ್ಳಗೆ, ಪದರ ಪದರ ಬೇರೆ ಬೇರೆ ಕಾಣ್ಬೇಕು. ಕೊನೆಗೆ ಬಾಯಿಗೆ. ತಿಂದು ಎರಡು ನಿಮಿಷ ಆದ್ಮೇಲೆ ಅಂಗುಳಲ್ಲಿ ಮೇಣ ಹಚ್ಚಿದಂಗೆ ಏನೂ ಉಳಿಬಾರದು. ಉಳಿದ್ರೆ ಅದು ಮಾರ್ಗರಿನ್, ಅಂದ್ರೆ ಬೆಣ್ಣೆ ಬದಲು ಹಾಕೋ ಎಣ್ಣೆಯಿಂದ ಮಾಡಿದ ಕೊಬ್ಬು. ಬೆಣ್ಣೆ 32ರಿಂದ 35 ಡಿಗ್ರಿಗೆಲ್ಲಾ ಕರಗ್ತದೆ, ನಮ್ಮ ಬಾಯಿ ಅದಕ್ಕಿಂತ ಬಿಸಿ, ಹಂಗಾಗಿ ಬಾಯಲ್ಲಿ ಹೋಗೇಬಿಡ್ತದೆ. ಪಫ್ ಮಾರ್ಗರಿನ್ ಬಿಸಿಲಲ್ಲಿ ಕರಗಬಾರದು ಅಂತಾನೇ ಮಾಡಿರ್ತಾರೆ, ಅದಕ್ಕೇ ನಾಲಿಗೆ ಮೇಲೂ ಕರಗಲ್ಲ. ಫ್ರಾನ್ಸಲ್ಲಿ ಇನ್ನೊಂದು ರೂಢಿ ಐತೆ, ಬೆಣ್ಣೆ ಕ್ರೊಸಾಂಟ್‌ನ ನೆಟ್ಟಗೆ ಬಿಡ್ತಾರೆ, ಮಾರ್ಗರಿನ್ ಹಾಕಿದ್ದನ್ನ ಅರ್ಧಚಂದ್ರದ ಥರ ಬಗ್ಗಿಸ್ತಾರೆ. ನಮ್ಮಲ್ಲಿ ಆ ರೂಢಿ ಯಾರೂ ಇಟ್ಕೊಂಡಿಲ್ಲ, ಆದ್ರೆ ನಮ್ಮ ಅಂಗಡಿಲಿ ನಾನು ನೆಟ್ಟಗೇ ಬಿಡ್ತೀನಿ.

ಊಟಕ್ಕೆ ಫ್ರೆಂಚ್ ಹೋಟೆಲ್‌ಗೆ ಹೋಗೋದು ಬೇರೆ ಕಥೆ, ಯಾಕಂದ್ರೆ ನನ್ನ ಜೊತೆ ಅಮ್ಮ ಬರ್ತಾರೆ, ಅಮ್ಮ ಮೊಟ್ಟೆನೂ ಮುಟ್ಟಲ್ಲ. ಮೆನುವಿನಲ್ಲಿ ಹಸಿರು ಚುಕ್ಕಿ ಇದ್ರೂ ನಾನು ಬಾಯಿಬಿಟ್ಟು ಕೇಳ್ತೀನಿ, ನಾಚಿಕೆ ಪಟ್ಕೊಳ್ಳಲ್ಲ. ಈರುಳ್ಳಿ ಸೂಪ್ ಅಂತ ಬರೆದಿರ್ತಾರೆ, ಹಳೇ ಪದ್ಧತಿಲಿ ಅದನ್ನ ದನದ ಮೂಳೆ ಕುದಿಸಿದ ನೀರಲ್ಲಿ ಮಾಡೋದು. ಮೊಟ್ಟೆ-ಕ್ರೀಮ್ ತುಂಬಿದ ಟಾರ್ಟ್ ಕೀಷ್ ಲೊರೇನ್‌ನಲ್ಲಿ ಹಂದಿ ಮಾಂಸದ ಚೂರು ಇರ್ತದೆ. ನೊರೆ ಥರದ ಸಿಹಿ ಮೂಸ್‌ಗೆ, ಹಣ್ಣಿನ ಟಾರ್ಟ್ ಮೇಲಿನ ಹೊಳಪಿಗೆ ಪ್ರಾಣಿ ಮೂಳೆ-ಚರ್ಮದಿಂದ ಮಾಡೋ ಜೆಲಟಿನ್ ಹಾಕ್ತಾರೋ ಕಡಲಕಳೆಯಿಂದ ಬರೋ ಅಗರ್ ಹಾಕ್ತಾರೋ ಕೇಳ್ಬೇಕು. ಕೆಲವು ಚೀಸ್‌ಗೆ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರ್ತಾರೆ. ಒಳ್ಳೇ ಹೋಟೆಲ್‌ನೋರು ಅಡಿಗೆಮನೆಗೆ ಹೋಗಿ ಕೇಳ್ಕೊಂಡು ಬಂದು ಹೇಳ್ತಾರೆ, ಬೇಜಾರು ಮಾಡ್ಕೊಳ್ಳಲ್ಲ. ಅಮ್ಮನಿಗೆ ಪಕ್ಕಾ ಸರಿಹೋಗೋದು ರಾಟಟೂಯಿ, ಫ್ರಾನ್ಸಿನ ದಕ್ಷಿಣದ ಕಡೆ ಅಡಿಗೆ, ಬದನೆಕಾಯಿ, ಜುಕಿನಿ, ಟೊಮ್ಯಾಟೊ, ದಪ್ಪ ಮೆಣಸಿನಕಾಯಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಅಷ್ಟೇ. "ನಮ್ಮ ಎಣ್ಣೆಗಾಯಿಗೆ ಖಾರ, ಶೇಂಗಾ ಹಾಕದೆ ಮಾಡಿದಂಗೈತೆ ನೋಡವ್ವಾ, ಆದ್ರೆ ಬದನೆಕಾಯಿ ಚೆನ್ನಾಗಿ ಬೆಂದೈತೆ" ಅಂತ ತಟ್ಟೆ ಖಾಲಿ ಮಾಡಿದ್ರು. ಇನ್ನೊಂದು, ಮಧ್ಯಾಹ್ನ ಊಟ ಮುಗಿದ ಮೇಲೆ ಇಂಥ ಹೋಟೆಲ್ ಸುಮಾರು ಬಾಗಿಲು ಹಾಕಿ ರಾತ್ರಿಗೇ ತೆಗೀತಾವೆ, ನಾಲ್ಕು ಗಂಟೆಗೆ ಹಸ್ಕೊಂಡು ಹೋದ್ರೆ ಏನೂ ಸಿಗಲ್ಲ. ಮಧ್ಯಾಹ್ನದ ಸೆಟ್ ಊಟ ಇದ್ರೆ ಅದನ್ನೇ ತಗೊಳ್ರಿ, ರಾತ್ರಿಗಿಂತ ಕಡಿಮೆ ದುಡ್ಡಲ್ಲಿ ಮೂರು ಥರ ತಿನ್ನಬಹುದು.

ಈಗ ಮಾಡೋ ವಿಷಯ. ನಮ್ಮ ಬೇಕರಿ ಮಾಸ್ಟರ್‌ಗೆ ಒಂದು ಕ್ರೊಸಾಂಟ್ ಕೊಯ್ದು ಕೊಟ್ಟಾಗ ಅವರು ಪದರ ಬಿಡಿಸಿ ನೋಡಿ "ಅಕ್ಕಾ, ಇದು ನಮ್ಮ ಪಫ್ಫೇ ಅಲ್ವಾ, ಯೀಸ್ಟ್ ಹಾಕ್ಯಾರೆ ಅಷ್ಟೇ" ಅಂದ್ರು. ಖರೇ ಮಾತು. ಕರ್ನಾಟಕದ ಪ್ರತಿಯೊಂದು ಬೇಕರಿಲೂ ಎಗ್ ಪಫ್, ವೆಜ್ ಪಫ್ ಮಾಡೋ ಮಾಸ್ಟರ್‌ಗೆ ಹಿಟ್ಟಲ್ಲಿ ಕೊಬ್ಬು ಇಟ್ಟು ಮಡಚಿ ಲಟ್ಟಿಸೋ ಕೈ ಆಗಲೇ ಐತೆ. ಹೊಸದು ಎರಡೇ, ಹಿಟ್ಟಲ್ಲಿ ಯೀಸ್ಟು, ಮಾರ್ಗರಿನ್ ಜಾಗದಲ್ಲಿ ಬೆಣ್ಣೆ. ಯೀಸ್ಟ್‌ಗೆ ಬಿಸಿ ಬೇಕು, ಬೆಣ್ಣೆಗೆ ತಂಪು ಬೇಕು, ಎರಡನ್ನೂ ಒಂದೇ ಹಿಟ್ಟಲ್ಲಿ ಸಂಭಾಳಿಸೋದೇ ಕೆಲಸ. ಈ ತಿಂಡಿಯ ಮೂಲನೂ ಫ್ರಾನ್ಸ್ ಅಲ್ಲ, ವಿಯೆನ್ನಾ ಕಡೆಯಿಂದ ಬಂದ ಆಗಸ್ಟ್ ಜಾಂಗ್ ಅನ್ನೋರು 1830ರ ದಶಕದ ಕೊನೆಗೆ ಪ್ಯಾರಿಸ್‌ನಲ್ಲಿ ಅಂಗಡಿ ಹಾಕಿದ್ರು, ಅದನ್ನ ನೋಡಿ ಅಲ್ಲಿಯ ಬೇಕರಿಯೋರು ಕಲಿತು ಪದರ ಪದರ ಮಾಡಿ ತಮ್ಮದು ಮಾಡ್ಕೊಂಡ್ರು. ಅವು ತಂಪು ದೇಶ. ನಮ್ಮಲ್ಲಿ ಬೇಸಿಗೆಲಿ 40 ಡಿಗ್ರಿ ದಾಟ್ತದೆ, ಹಂಗಾಗಿ ನಾವು ಗಡಿಯಾರ ನೋಡಿ ಕೆಲಸ ಮಾಡ್ಬೇಕು.

ನನ್ನ ಅಳತೆ: ಅರ್ಧ ಕೆಜಿ ಮೈದಾ, 60 ಗ್ರಾಂ ಸಕ್ಕರೆ, 10 ಗ್ರಾಂ ಉಪ್ಪು, 7 ಗ್ರಾಂ ಡ್ರೈ ಯೀಸ್ಟ್, ಹಿಟ್ಟಿಗೆ 40 ಗ್ರಾಂ ಬೆಣ್ಣೆ, ಹಾಲು ನೀರು ಸೇರಿ 280 ಎಂಎಲ್ ಹತ್ರ, ಒಳಗೆ ಮಡಚೋಕೆ 250 ಗ್ರಾಂ ಉಪ್ಪಿಲ್ಲದ ಬೆಣ್ಣೆ. ಮೈದಾ ಒಂದೊಂದು ಚೀಲ ಒಂದೊಂದು ಥರ ನೀರು ಕುಡೀತದೆ, ಸ್ವಲ್ಪ ಹಿಡಿದು ಹಾಕ್ರಿ, ಹಿಟ್ಟು ಬನ್ನಿನ ಹಿಟ್ಟಿಗಿಂತ ಗಟ್ಟಿ ಇರ್ಬೇಕು. ಬೇಸಿಗೆಲಿ ಮೈದಾನೂ ಫ್ರಿಜ್‌ನಲ್ಲಿಟ್ಟು ತಂಪು ಮಾಡಿ, ಐಸ್ ನೀರಲ್ಲಿ ಕಲಸ್ತೀನಿ, ಜಾಸ್ತಿ ನಾದಲ್ಲ, ಆಮೇಲೆ ಲಟ್ಟಿಸ್ತಾ ಲಟ್ಟಿಸ್ತಾ ಅದಕ್ಕೆ ತಾನೇ ಜಿಗುಟು ಬರ್ತದೆ. ಬೆಣ್ಣೆ ಬಗ್ಗೆ ಒಂದು ಮಾತು, ಫ್ರಾನ್ಸಲ್ಲಿ ಉಪ್ಪಿಲ್ಲದ ಬೆಣ್ಣೆ ಅಂದ್ರೆ ಕೊಬ್ಬು 82 ಪರ್ಸೆಂಟ್ ಇರ್ಲೇಬೇಕು, ನಮ್ಮಲ್ಲಿ 80 ಇದ್ರೆ ನಡೀತದೆ. ಕೊಬ್ಬು ಕಡಿಮೆ, ನೀರು ಜಾಸ್ತಿ ಇರೋ ಬೆಣ್ಣೆ ಬೇಗ ಒಡೀತದೆ. ಆದ್ರೂ ನಮ್ಮ ಅಮುಲ್ ಉಪ್ಪಿಲ್ಲದ ಬೆಣ್ಣೆಲೇ ನಾನು ಮಾಡೋದು, ತರಿಸಿದ ಬೆಣ್ಣೆ ಬೇಕೇ ಬೇಕು ಅಂತ ಏನಿಲ್ಲ.

ದಿನದ ಲೆಕ್ಕ ಹೆಂಗಂದ್ರೆ, ಸಂಜೆ ಹಿಟ್ಟು ಕಲಸಿ ಪ್ಲಾಸ್ಟಿಕ್ ಸುತ್ತಿ ರಾತ್ರಿಯೆಲ್ಲಾ ಫ್ರಿಜ್‌ನಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಕೆಲಸ ಶುರು, ಊರಿಗೆ ಊರೇ ತಂಪಿರೋ ಹೊತ್ತು ಅದೊಂದೇ. ನಮ್ಮ ಕಡೆ ಎಲ್ಲರ ಮನೆಲೂ ಇರ್ತದಲ್ಲ ಕಡಪಾ ಕಲ್ಲಿನ ಕಟ್ಟೆ, ಅದೇ ನನ್ನ ಟೇಬಲ್ಲು, ಅದರ ಮೇಲೆ ಐಸ್ ತುಂಬಿದ ಟ್ರೇ ಅರ್ಧ ತಾಸು ಇಟ್ಟು, ತೆಗೆದು, ಒಣ ಬಟ್ಟೆಲಿ ಒಂದು ಹನಿ ನೀರಿಲ್ದಂಗೆ ಒರೆಸಿದ್ರೆ ಕಲ್ಲು ಬಹಳ ಹೊತ್ತು ತಂಪು ಹಿಡೀತದೆ. ಮೂಲೆಲಿ ಒಂದು ಎಸಿ ಐತೆ, ಮಾರ್ಚ್‌ನಿಂದ ಜೂನ್‌ವರೆಗೆ ಅದಿಲ್ದೆ ಆಗಲ್ಲ, ಡಿಸೆಂಬರ್‌ನಲ್ಲಿ ಕಿಟಕಿ ತೆಗೆದ್ರೆ ಸಾಕು.

ಬೆಣ್ಣೆನ ಎರಡು ಪ್ಲಾಸ್ಟಿಕ್ ಹಾಳೆ ನಡುವೆ ಇಟ್ಟು ಲಟ್ಟಣಿಗೆಲಿ ಬಡಿದು ಚೌಕ ಹಾಳೆ ಮಾಡ್ಕೊಳ್ಳೋದು. ಇಲ್ಲೇ ಎಲ್ಲಾ ಇರೋದು, ನಿಧಾನಕ್ಕೆ ಓದ್ರಿ. ಆ ಬೆಣ್ಣೆ ಹಾಳೆನ ಎರಡೂ ಕೈಲಿ ಹಿಡಿದು ಮೆಲ್ಲಗೆ ಬಗ್ಗಿಸಿ ನೋಡ್ಬೇಕು. ಬೆಲ್ಟ್ ಬಗ್ಗಿದಂಗೆ ಬಗ್ಗಿದ್ರೆ ಸರಿ, 13ರಿಂದ 15 ಡಿಗ್ರಿ ಒಳಗೆ ಅದು ಹಂಗಿರ್ತದೆ. ಪಟ್ ಅಂತ ಬಿರುಕು ಬಿಟ್ರೆ ಇನ್ನೂ ಗಟ್ಟಿ, ಲಟ್ಟಿಸುವಾಗ ಒಳಗೆ ಚೂರು ಚೂರಾಗಿ ಪದರ ತುಂಡಾಗ್ತದೆ, ಎರಡು ನಿಮಿಷ ಹೊರಗೆ ಬಿಡ್ರಿ. ಬೆರಳಿಗೆ ಜಿಡ್ಡು ಅಂಟಿ ಹೊಳೆದ್ರೆ ಮೆತ್ತಗಾಗೈತೆ, ಹಿಟ್ಟು ಅದನ್ನ ಕುಡಿದುಬಿಡ್ತದೆ, ವಾಪಸ್ ಫ್ರಿಜ್‌ಗೆ. ಹಿಟ್ಟೂ ಬೆಣ್ಣೆನೂ ಒಂದೇ ಗಟ್ಟಿ ಇರ್ಬೇಕು, ಬೆರಳಲ್ಲಿ ಒತ್ತಿದ್ರೆ ಎರಡರಲ್ಲೂ ಒಂದೇ ಥರ ಗುಳಿ ಬೀಳ್ಬೇಕು. ನಮ್ಮ ಮಾಸ್ಟರ್ ಥರ್ಮಾಮೀಟರ್ ಮುಟ್ಟೋದೇ ಇಲ್ಲ, ಹೆಬ್ಬೆರಳಲ್ಲಿ ಒತ್ತಿ "ಹೂಂ, ಹಿಡೀರಿ ಅಕ್ಕಾ" ಅಂದ್ರೆ ಮುಗೀತು, ನಾನು ಅಳೆದು ನೋಡಿದ್ರೆ 14 ಇರ್ತದೆ.

ಹಿಟ್ಟಲ್ಲಿ ಬೆಣ್ಣೆ ಮುಚ್ಚಿ, ಉದ್ದಕ್ಕೆ ಲಟ್ಟಿಸಿ, ಸೀರೆ ಮಡಚಿದಂಗೆ ಮೂರು ಮಡಿಕೆ, ಆಮೇಲೆ 40 ನಿಮಿಷ ಫ್ರಿಜ್. ತಿರುಗಿಸಿ ಮತ್ತೆ ಲಟ್ಟಿಸಿ ಮೂರು ಮಡಿಕೆ. ಹಿಂಗೆ ಮೂರು ಸಲ, ಬೆಣ್ಣೆ ಪದರ 27 ಆಗ್ತಾವೆ. ಪಫ್‌ಗೆ ಇದಕ್ಕಿಂತ ಎಷ್ಟೋ ಜಾಸ್ತಿ ಮಡಚ್ತೀವಿ, ಇಲ್ಲಿ ಹಂಗೆ ಮಾಡಬಾರದು, ಪದರ ತೀರಾ ತೆಳ್ಳಗಾದ್ರೆ ಯೀಸ್ಟ್ ಉಬ್ಬಿದಾಗ ಹರೀತದೆ. ಮಡಿಕೆ ನಡುವಿನ ಆ 40 ನಿಮಿಷದಲ್ಲಿ ಸುಮ್ನೆ ಕೂರಲ್ಲ, ಹಿಂದಿನ ದಿನ ಮಡಚಿ ಇಟ್ಟ ಹಿಟ್ಟನ್ನ ಲಟ್ಟಿಸಿ, ತ್ರಿಕೋನ ಕೊಯ್ದು, ಸುತ್ತಿ ಟ್ರೇಗೆ ಹಾಕ್ತೀನಿ. ಇವತ್ತು ಮಡಚಿದ್ದು ಹಗಲೆಲ್ಲಾ ಫ್ರೀಜರ್‌ನಲ್ಲಿ, ರಾತ್ರಿ ಮಲಗೋ ಮುಂಚೆ ಫ್ರಿಜ್‌ಗೆ ಇಳಿಸೋದು, ನಾಳೆ ನಾಲ್ಕಕ್ಕೆ ಕೊಯ್ಯೋದು. ಹಿಂಗೆ ಚಕ್ರ ತಿರುಗ್ತಾ ಇರೋದ್ರಿಂದ ಬಿಸಿಲು ಏರೋ ಹೊತ್ತಿಗೆ ಬೆಣ್ಣೆ ಮುಟ್ಟೋ ಕೆಲಸ ಒಂದೂ ಬಾಕಿ ಇರಲ್ಲ.

ಉಬ್ಬಿಸೋದು 25-26 ಡಿಗ್ರಿಲಿ, ಎರಡು ತಾಸು. ಬನ್ನು ಉಬ್ಬಿಸೋ ಹಂಗೆ ಭಟ್ಟಿ ಪಕ್ಕ ಇಟ್ರೆ ಬೆಣ್ಣೆ ಸೋರಿ ಟ್ರೇಯೆಲ್ಲಾ ಎಣ್ಣೆ. ನಾನು ದೊಡ್ಡ ಥರ್ಮಾಕೋಲ್ ಡಬ್ಬಿಲಿ ಟ್ರೇ ಇಟ್ಟು, ಒಂದು ತಣ್ಣೀರು ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡ್ತೀನಿ, ಕರೆಂಟ್ ಹೋಗಿ ಎಸಿ ನಿಂತ್ರೂ ಅದು ತಂಪು ಬಿಡಲ್ಲ. ಟ್ರೇ ಮೆಲ್ಲಗೆ ಅಲ್ಲಾಡಿಸಿದ್ರೆ ಕ್ರೊಸಾಂಟ್ ಥರ ಥರ ನಡುಗ್ಬೇಕು, ಪಕ್ಕದಿಂದ ಪದರ ಗೆರೆ ಗೆರೆ ಬಿಟ್ಟು ಕಾಣ್ಬೇಕು, ಆವಾಗ ಓವನ್‌ಗೆ. 200 ಡಿಗ್ರಿಲಿ ಹತ್ತು ನಿಮಿಷ, 180ಕ್ಕೆ ಇಳಿಸಿ ಇನ್ನೊಂದು ಎಂಟು-ಹತ್ತು ನಿಮಿಷ. ನಮ್ಮ ಜನ ಹೊಂಬಣ್ಣ ಬಂದ ತಕ್ಷಣ ತೆಗಿ ಅಂತಾರೆ, ತೆಗೀಬ್ಯಾಡ್ರಿ, ಇನ್ನೂ ಸ್ವಲ್ಪ ಗಾಢ ಆಗ್ಲಿ, ರುಚಿ ಇರೋದೇ ಅಲ್ಲಿ.

ಬಳ್ಳಾರಿಲಿ ಮಾರೋರಿಗೆ ಇದೊಂದು ದೊಡ್ಡ ಅನುಕೂಲ ಐತೆ: ಕ್ರೊಸಾಂಟ್ ಹಿಟ್ಟಲ್ಲಿ ಮೊಟ್ಟೆ ಇಲ್ಲ. ಮೊಟ್ಟೆ ಬರೋದು ಮೇಲೆ ಹಚ್ಚೋ ಹೊಳಪಿಗೆ ಮಾತ್ರ. ನಾನು ಅದರ ಬದಲು ಹಾಲು-ಕ್ರೀಮ್ ಹಚ್ತೀನಿ, ಹೊಳಪು ಒಂದು ಕೈ ಕಡಿಮೆ, ಬಣ್ಣ ಚೆನ್ನಾಗೇ ಬರ್ತದೆ, ಎಗ್‌ಲೆಸ್ ಅಂತ ಧೈರ್ಯವಾಗಿ ಬೋರ್ಡ್ ಹಾಕ್ತೀನಿ. ಎಕ್ಲೇರ್, ಮ್ಯಾಕರೋನ್ ಅನ್ನೋ ಫ್ರೆಂಚ್ ಸಿಹಿಗಳನ್ನ ಎಗ್‌ಲೆಸ್ ಕೊಡ್ರಿ ಅಂತ ಕೇಳ್ತಾರೆ, ಅವನ್ನ ನಾನು ಮಾಡಲ್ಲ ಅಂತ ಹೇಳಿಬಿಡ್ತೀನಿ, ಎಕ್ಲೇರ್ ಉಬ್ಬೋದು, ಮ್ಯಾಕರೋನ್ ನಿಲ್ಲೋದು ಎರಡೂ ಮೊಟ್ಟೆಯಿಂದಾನೇ.

ಉಳಿದದ್ದನ್ನ ಮರುದಿನ ತಾಜಾ ಅಂತ ಮಾರಲ್ಲ. ಫ್ರೆಂಚರು ಹಿಂದಿನ ದಿನದ ಕ್ರೊಸಾಂಟ್‌ನ ಕೊಯ್ದು ಪಾಕದಲ್ಲಿ ಅದ್ದಿ, ಬಾದಾಮಿ ಕ್ರೀಮ್ ತುಂಬಿ ಮತ್ತೆ ಬೇಯಿಸ್ತಾರೆ. ನಾನು ಬಾದಾಮಿ ಜಾಗದಲ್ಲಿ ಹುರಿದು ಸಿಪ್ಪೆ ತೆಗೆದ ಶೇಂಗಾ ಪುಡಿ ಹಾಕ್ತೀನಿ, ಬೆಣ್ಣೆ, ಸಕ್ಕರೆ, ಮೊಟ್ಟೆ ಬದಲು ಗಟ್ಟಿ ಹಾಲಿನ ಕೆನೆ, ಒಂದು ಚಮಚ ಮೈದಾ. ಮೇಲೆ ಇಡೀ ಶೇಂಗಾ ಉದುರಿಸಿ 180 ಡಿಗ್ರಿಲಿ ಕಾಲು ತಾಸು. ಈಗ ಇದನ್ನೇ ಕೇಳ್ಕೊಂಡು ಬರೋರು ಜಾಸ್ತಿ ಆಗ್ಯಾರೆ, ಉಳಿದದ್ದು ಸಾಲದೆ ಇದಕ್ಕಂತಾನೇ ಒಂದು ಟ್ರೇ ಹೆಚ್ಚಿಗೆ ಹಾಕ್ತೀವಿ. ಬೇಕಾದೋರು ಹಿಂದಿನ ರಾತ್ರಿ ಎಂಟರ ಒಳಗೆ ಹೇಳ್ಬೇಕು, ಹೇಳದೆ ಬಂದ್ರೆ ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಇದ್ದಷ್ಟು ಕೊಡ್ತೀವಿ.