ಜೋಳದ ಹಗೇವು (ನೆಲದಲ್ಲಿ ಅಗೆದು ಕಾಳು ಮುಚ್ಚಿಡುವ ಗುಂಡಿ): ಕರೆಂಟು, ಅಂಗಡಿ, ಲಾರಿ ಎಲ್ಲ ನಿಂತರೂ ವರ್ಷದ ಕಾಳು ಉಳಿಸಲು

ಒಬ್ಬರಿಗೆ ದಿನಕ್ಕೆ 400 ಗ್ರಾಂ ಹಿಡಿದರೆ ಐದು ಜನರ ಮನೆಗೆ ವರ್ಷಕ್ಕೆ ಸುಮಾರು 7.3 ಕ್ವಿಂಟಲ್ ಜೋಳ ಬೇಕು. ಒಂದು ಘನ ಮೀಟರ್ ಜಾಗ ಸಾಕು. ಹುಲ್ಲು, ಮಣ್ಣಿಗೆ ಬೇರೆ ಜಾಗ ಬಿಡಿ.

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಕಾಲುವೆ ನೀರಿನ ಭತ್ತದ ಗದ್ದೆ ಹತ್ತಿರ ಮಾತ್ರ ಅಗೆಯಬೇಡಿ, ನೀರು ಜಿನುಗಿ ಕಾಳು ಮುಗ್ಗುತ್ತದೆ. ಊರ ದಿಬ್ಬದ ಗಟ್ಟಿ ನೆಲವೇ ಸರಿ. ತಳ, ಗೋಡೆಗೆ ಒಣ ಜೋಳದ ದಂಟು, ಹುಲ್ಲು ದಪ್ಪಗೆ ಹೊಂದಿಸಿ. ಕಾಳು ತುಂಬಿ, ಮೇಲೂ ಹುಲ್ಲು ಹಾಕಿ, ಕಲ್ಲುಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ. ಮಳೆನೀರು ಹರಿದುಹೋಗುವಂತೆ ಮೇಲ್ಭಾಗ ಉಬ್ಬಿರಲಿ.

ಎಲ್ಲ ಕೆಡುವುದು ಹಸಿಯಿಂದ. ಹಗೇವಿಗೆ ತುಂಬುವ ಮೊದಲು ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಕಾಳು, ಎರಡು ಚಮಚ ಒಣ ಪುಡಿಉಪ್ಪು ಹಾಕಿ ಚೆನ್ನಾಗಿ ಅಲ್ಲಾಡಿಸಿ, ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಇನ್ನೂ ಬಿಸಿಲು ಬೇಕು. ಅಂಟದಿದ್ದರೂ ಇನ್ನೊಂದು ದಿನ ಒಣಗಿಸಿದರೆ ನಷ್ಟವೇನಿಲ್ಲ.

ತೆಗೆಯುವಾಗ ಅವಸರ ಬೇಡ. ಕಾಳು ಉಸಿರಾಡಿ ಆಮ್ಲಜನಕ ಮುಗಿಸಿರುತ್ತದೆ. ಹುಳ ಸಾಯುವುದು ಅದರಿಂದಲೇ, ಇಳಿದ ಮನುಷ್ಯನೂ ಸಾಯಬಹುದು. ಬಾಯಿ ತೆರೆದು ಅರ್ಧ ದಿನ ಬಿಡಿ, ಕಂದೀಲು ಇಳಿಬಿಡಿ. ಆರಿದರೆ ಇಳಿಯಲೇಬೇಡಿ. ಉರಿದರೂ ಪೂರ್ತಿ ನಂಬದೆ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ, ಮೇಲೆ ಇಬ್ಬರಿರಲಿ. ಒಳಗೆ ಬಿದ್ದವರನ್ನು ಎತ್ತಲು ಇನ್ನೊಬ್ಬರು ಧುಮುಕಬಾರದು.

ಬಿತ್ತನೆ ಬೀಜ ಇದರಲ್ಲಿ ಇಡಬೇಡಿ, ಮೊಳಕೆ ಶಕ್ತಿ ಹೋಗುತ್ತದೆ. ಅದಕ್ಕೆ ಬೂದಿ ಬೆರೆಸಿದ ಮಡಕೆಯೇ ಬೇರೆ.